ಹುಬ್ಬಿನ ನಡುವಿನ ಗೆರೆ

“ಇನ್ನೂ ಸ್ವಲ್ಪ ಕೋಪ ಮಾಡ್ಕೊಳ್ಳಿ…”

ಡಾಕ್ಟರು ಹಾಗೆಂದ ಕೂಡಲೇ ಟೀಚರಮ್ಮನಿಗೆ ನಗು ಉಕ್ಕಿಬಂತು. ಎದುರಿಗೆ ಗೋಡೆಯಗಲದ ಕನ್ನಡಿ. ಪಕ್ಕದಲ್ಲಿ ನೇರಳೆ ಬಣ್ಣದ ಪೆನ್ನು ಹಿಡಿದು, ಕಣ್ಣು ಕಿರಿದು ಮಾಡಿ ಕಾಯುತ್ತಿರುವ ಡಾಕ್ಟರು. ನಲವತ್ತೊಂದು ವರ್ಷದಲ್ಲಿ ‘ಕೋಪ ಮಾಡಿಕೋ’ ಎಂದು ಯಾರೂ ಅವಳನ್ನು ಇಷ್ಟು ವಿನಯವಾಗಿ ಕೇಳಿರಲಿಲ್ಲ!

“ಬರ್ತಾ ಇಲ್ಲ ಡಾಕ್ಟರೇ. ಬಾ ಅಂದ ತಕ್ಷಣ ಬರೋಕೆ ಅದೇನು ನಲ್ಲಿ ನೀರಾ?”

“ಹಾಗಾದ್ರೆ ಒಂದು ನಿಜ ಹೇಳ್ತೀನಿ. ನಿಮ್ಮನ್ನ ಹೊರಗೆ ಒಂದೂಕಾಲು ಗಂಟೆ ಕೂರಿಸಿದ್ದೆನಲ್ಲ… ಆಗ ನಾನು ಯಾವ ಪೇಶೆಂಟನ್ನೂ ನೋಡ್ತಿರಲಿಲ್ಲ. ಒಳಗೆ ಕೂತು ನಿಧಾನವಾಗಿ ಊಟ ಮಾಡ್ತಿದ್ದೆ.”

“ಏನು!”

“ಹ್ಞಾಂ, ಬಂತು! ಹಾಗೇ ಇರಿ… ಅಲ್ಲಾಡಬೇಡಿ!”

ಪೆನ್ನು ಹುಬ್ಬುಗಳ ನಡುವೆ ಸರಕ್ಕನೆ ಇಳಿಯಿತು. ಎರಡು ಉದ್ದ ಗೆರೆ. ಆಮೇಲೆ ಮೂಗಿನ ಬದಿಯಿಂದ ತುಟಿಯ ಅಂಚಿನವರೆಗೆ ಆ ಕಡೆ ಒಂದು, ಈ ಕಡೆ ಒಂದು. ಮಲಗಿಸಿದರೆ ಮುಖದ ಸುಕ್ಕುಗಳು ಅಡಗಿ ಕೂರುತ್ತವಂತೆ. ಅದಕ್ಕೇ ಕೂರಿಸಿಕೊಂಡೇ ಗುರುತು ಹಾಕಿ ನೋಡುತ್ತಾರಂತೆ.

ಕನ್ನಡಿಯಲ್ಲಿ ತನ್ನ ಮುಖ ಕಂಡು ಅವಳ ನಗು ಆರಿತು. ‘ಇಷ್ಟು ಆಳವಾ… ಅದಕ್ಕೇ ಆ ಮಗು ನನ್ನ ಹತ್ತಿರ ಸುಳಿಯಲ್ಲ.’

“ಬರೀ ಹಣೆಯದಾದ್ರೆ ಒಂದು ಸಣ್ಣ ಇಂಜೆಕ್ಷನ್ ಸಾಕು,” ಎಂದರು ಡಾಕ್ಟರು. “ಆ ಜಾಗದ ಸ್ನಾಯು ನಾಲ್ಕೈದು ತಿಂಗಳು ಮಲಗಿಬಿಡುತ್ತೆ. ಹುಬ್ಬು ಗಂಟೇ ಬೀಳಲ್ಲ.”

“ಹುಬ್ಬು ಮಲಗಿದ್ರೆ ನಾನು ಪಾಠ ಹೇಗೆ ಮಾಡ್ಲಿ?”

“ಪಾಠಕ್ಕೂ ಹುಬ್ಬಿಗೂ ಏನು ಸಂಬಂಧ?”

“ನನ್ನ ಮಕ್ಕಳಿಗೆ ಕಿವಿ ಕೇಳಿಸಲ್ಲ ಡಾಕ್ಟರೇ. ನಾವು ಕೈಯಲ್ಲಿ ಮಾತಾಡ್ತೀವಿ. ‘ಏನು’, ‘ಯಾಕೆ’, ‘ಎಲ್ಲಿ’ ಅಂತ ಕೇಳ್ಬೇಕಾದ್ರೆ ಹುಬ್ಬು ಗಂಟು ಹಾಕ್ಲೇಬೇಕು. ಇಪ್ಪತ್ತು ವರ್ಷ ಕೇಳಿ ಕೇಳಿ ಗಂಟು ಅಲ್ಲೇ ಉಳ್ಕೊಂಡಿದೆ. ಈಗ ಸುಮ್ಮನೆ ನಿಂತಿದ್ರೂ ಸಿಟ್ಟಾಗಿರೋ ಹಾಗೆ ಕಾಣ್ತೀನಿ. ನನಗೆ ಗೆರೆ ತುಂಬಬೇಕು, ಹುಬ್ಬೂ ಆಡ್ಬೇಕು.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕುವುದನ್ನೇ ಮರೆತು ಅವಳನ್ನು ನೋಡಿದರು. ಮುಖ ಸರಿಮಾಡಿಸಿಕೊಳ್ಳಲು ಬರುವವರು ಮದುವೆ, ಫೋಟೋ, ಗೆಳತಿಯರ ಮಾತು ಎಂದು ಕಾರಣ ಹೇಳುತ್ತಿದ್ದರು. ಹುಬ್ಬು ಆಡಬೇಕು ಎಂದವರು ಇವರೊಬ್ಬರೇ.

“ಹಾಗಾದ್ರೆ ನಿಮ್ಮದೇ ಕೊಬ್ಬು ತೆಗೆದು ತುಂಬೋಣ,” ಎಂದರು ಮೆಲ್ಲಗೆ.

*

ದೇವರು ಒಬ್ಬೊಬ್ಬರಿಗೆ ಒಂದೊಂದು ಕಡೆ ದನಿ ಇಟ್ಟಿರುತ್ತಾನೆ. ಟೀಚರಮ್ಮನ ದನಿ ಇದ್ದದ್ದು ಮುಖದಲ್ಲಿ. ಹದಿನಾಲ್ಕು ಮಕ್ಕಳು ಅವಳ ತುಟಿ, ಕಣ್ಣು, ಹುಬ್ಬುಗಳನ್ನು ಓದಿ ಓದಿ ಲೋಕವನ್ನು ತಿಳಿಯುತ್ತಿದ್ದರು.

ಎರಡು ತಿಂಗಳ ಕೆಳಗೆ ಬಂದು ಸೇರಿದ ಹದಿನಾಲ್ಕನೆಯವಳಿಗೆ ಶಾಲೆಯಲ್ಲಿ ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ನಾಲ್ಕು ವರ್ಷ, ಬೆರಳಷ್ಟು ಜಡೆ. ಮೊದಲ ದಿನವೇ ಅವಳು ಟೀಚರಮ್ಮನ ಮುಖ ನೋಡಿ, ತನ್ನ ಹುಬ್ಬಿನ ನಡುವೆ ಎರಡು ಬೆರಳಿಟ್ಟು ಕೆಳಗೆ ಎಳೆದಳು. ‘ಕೋಪಾನಾ?’

‘ಇಲ್ಲ ಮರಿ,’ ಎಂದಿದ್ದಳು ಟೀಚರಮ್ಮ. ಗುಬ್ಬಿ ಹೋಗಿ ಕೊನೆಯ ಕಿಟಕಿಯ ಪಕ್ಕ ಕೂತಳು. ಅಂದಿನಿಂದ ಎಷ್ಟು ಕರೆದರೂ ಮುಂದೆ ಬರಲಿಲ್ಲ. ಮಣಿ ತೋರಿಸಿದರೂ ಇಲ್ಲ, ಬೊಂಬೆ ತೋರಿಸಿದರೂ ಇಲ್ಲ.

‘ಇಪ್ಪತ್ತು ವರ್ಷದಲ್ಲಿ ಒಂದು ಮಗುವೂ ನನಗೆ ಹೆದರಿರಲಿಲ್ಲ. ಈ ಹಾಳು ಗೆರೆ…’

ಮದುವೆಯಾಗದ ಟೀಚರಮ್ಮ ಅಣ್ಣನ ಮನೆಯಲ್ಲೇ ಇದ್ದಳು. ಅಲ್ಲಿ ಅತ್ತಿಗೆ ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟರು. “ಕೊಬ್ಬು ತೆಗೀತಾರಾ? ನಿನ್ನ ಮೈಯಿಂದ? ಎಲ್ಲಿದೆಯೇ ತಾಯಿ? ನನ್ನ ಹತ್ರ ಬೇಕಾದಷ್ಟಿದೆ, ಒಂದು ಬಕೆಟ್ ತಗೊಂಡು ಹೋಗು!”

“ಬೇರೆಯವರದು ಆಗಲ್ಲವಂತೆ ಅತ್ತಿಗೆ. ಅವರವರದೇ ಆಗ್ಬೇಕಂತೆ.”

“ನೋಡು ನನ್ನ ಹಣೆಬರಹ! ದಾನ ಮಾಡೋಣ ಅಂದ್ರೂ ತಗೊಳ್ಳೋರಿಲ್ಲ.”

*

ಚಿಕಿತ್ಸೆಯ ದಿನ ಮಂಪರಿನ ಮದ್ದು ಕೊಟ್ಟು, ಹೊಟ್ಟೆಯ ಎರಡು ಮಗ್ಗುಲನ್ನೂ ಮರಗಟ್ಟಿಸಿದರು. ತೆಳ್ಳನೆಯ ಕೊಳವೆಯಲ್ಲಿ ಕೊಬ್ಬನ್ನು ಎಳೆದು, ಗಿರಗಿರ ತಿರುಗುವ ಯಂತ್ರಕ್ಕೆ ಹಾಕಿ, ಎಣ್ಣೆ ನೀರು ಬೇರೆ ಮಾಡಿ, ಉಳಿದ ಹಳದಿ ತಿರುಳನ್ನು ಪುಟ್ಟ ಪುಟ್ಟ ಸಿರಿಂಜಿಗೆ ತುಂಬಿದರು. ಅಷ್ಟು ಹೊತ್ತಿಗೆ ಟೀಚರಮ್ಮ ಮಂಪರಿಗೆ ಜಾರಿದ್ದಳು. ಕೆನ್ನೆಯ ಹತ್ತಿರ ಯಾರೋ ಮೃದುವಾಗಿ ಒತ್ತಿದ ನೆನಪು… ಮುಂದಿನದು ತಿಳಿಯಲಿಲ್ಲ.

“ಹಾಕಿದ್ದೆಲ್ಲ ಉಳಿಯಲ್ಲ,” ಎಂದು ಡಾಕ್ಟರು ಮೊದಲೇ ಹೇಳಿದ್ದರು. “ಸುಮಾರು ಅರ್ಧದಷ್ಟು ಮೈ ಹೀರಿಕೊಳ್ಳುತ್ತೆ. ಉಳಿದದ್ದು ಅಲ್ಲೇ ಬೇರು ಬಿಡುತ್ತೆ. ಮೂರು ತಿಂಗಳು ತೂಕ ಇಳೀಬಾರದು. ಆಮೇಲೇ ನಿಜವಾದ ಮುಖ ಕಾಣೋದು.”

ಒಂದು ವಾರ ಮುಖ ಊದಿಕೊಂಡು ಹಣೆ ಕೆನ್ನೆ ಎಲ್ಲ ಒಂದೇ ಆಗಿತ್ತು. ಮೂರನೆಯ ವಾರ ಬಾವು ಇಳಿಯಿತು. ತುಟಿಯ ಬದಿಯ ಗೆರೆಗಳು ತುಂಬಿ ಮುಖ ಮೃದುವಾಗಿತ್ತು. ಆದರೆ ಹುಬ್ಬಿನ ನಡುವೆ…?

ಹಾಗೇ ಇತ್ತು. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿಸಿಕೊಂಡಳೋ ಅದೊಂದೇ ಹಾಗೇ ಇತ್ತು!

“ಇದ್ಯಾಕೆ ಡಾಕ್ಟರೇ?”

ಅವರು ಫೈಲಿನಿಂದ ತಲೆ ಎತ್ತಲಿಲ್ಲ. “ಕೆಲವರಿಗೆ… ಕೆಲವು ಜಾಗದಲ್ಲಿ, ಮೈ ಪೂರ್ತಿ ಹೀರಿಕೊಂಡುಬಿಡುತ್ತೆ.”

ಟೀಚರಮ್ಮ ನಂಬಿದಳು. ಅಂದಿನಿಂದ ತನ್ನ ಮೈಯ ಮೇಲೇ ಮುನಿಸು. ಬೆಣ್ಣೆ ತಿಂದಳು, ಹಾಲು ಕುಡಿದಳು, ಸೇರದಿದ್ದರೂ ದಿನಕ್ಕೆ ಎರಡು ಮೊಟ್ಟೆ ನುಂಗಿದಳು. ಮಗ್ಗುಲಾದರೆ ಎಲ್ಲಿ ಕೊಬ್ಬು ಕರಗುತ್ತದೋ ಎಂದು ಅಂಗಾತವೇ ಮಲಗಿದಳು. ಬೆಳಿಗ್ಗೆ ದೇವರ ಮುಂದೆ ಕೈಮುಗಿದು ನಿಂತರೆ ಬಾಯಿಗೆ ಬರುತ್ತಿದ್ದದ್ದು ಒಂದೇ. ‘ಸ್ವಾಮೀ, ನನ್ನದೇ ಮೈ… ನನ್ನ ಮೇಲೇ ಯಾಕೆ ಹಗೆ ಸಾಧಿಸ್ತಿದೆ?’

ತಪಾಸಣೆಗೆಂದು ವಾರವಾರ ಹೋಗುತ್ತಿದ್ದಳು. ಡಾಕ್ಟರು ಅವಳನ್ನು ಕೊನೆಯ ಪೇಶೆಂಟಾಗಿ ಕರೆಯುವುದು ರೂಢಿಯಾಯಿತು. ಕಿವಿ ಕೇಳದ ಪೇಶೆಂಟ್ ಬಂದರೆ ಕೇಳಬೇಕಲ್ಲ ಎಂದು ‘ನೋವಿದೆಯಾ’, ‘ಹೆದರಬೇಡಿ’ ಎಂಬ ಸನ್ನೆಗಳನ್ನು ಅವಳಿಂದ ಕಲಿತರು. ಅವರ ‘ಹೆದರಬೇಡಿ’ ನೋಡಿದರೆ ಯಾರಾದರೂ ಓಡಿಹೋಗಬೇಕು, ಹಾಗಿತ್ತು!

“ಆರು ವರ್ಷ ಆಯ್ತು ಟೀಚರ್, ಡಾಕ್ಟರ ಹೆಂಡತಿ ತೀರಿಕೊಂಡು,” ಎಂದಿದ್ದರು ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಒಮ್ಮೆ. “ಆಮೇಲೆ ಅವರು ನಗೋದನ್ನ ನಾನು ನೋಡ್ತಿರೋದು ಈಗಲೇ.”

ಟೀಚರಮ್ಮ ಕೇಳದವಳ ಹಾಗೆ ಇದ್ದಳು. ದಾರಿಯುದ್ದಕ್ಕೂ ಮಾತ್ರ ಆ ಮಾತು ಅವಳ ಜೊತೆಯಲ್ಲೇ ನಡೆದು ಬಂತು.

*

ಮೂರು ತಿಂಗಳು ತುಂಬಿದ ದಿನ.

ಎರಡನೆಯ ಸಲ ತುಂಬಿಸುವ ಮಾತಾಡಬೇಕಿತ್ತು. ಬೇಗ ಬಂದ ಟೀಚರಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಎದುರಿನ ಗಾಜಿನ ಕೋಣೆಯಲ್ಲಿ ಡಾಕ್ಟರು, ಅವರ ಮುಂದೆ ಅವರಿಗೆ ಕೆಲಸ ಕಲಿಸಿದ ದೊಡ್ಡ ಡಾಕ್ಟರಮ್ಮ. ಗಾಜು ದಪ್ಪ, ಒಂದು ಸದ್ದೂ ಹೊರಗೆ ಬರದು.

ಆದರೆ ಇಪ್ಪತ್ತು ವರ್ಷ ತುಟಿಯ ಮಾತು ಕಲಿಸಿದವಳಿಗೆ ಸದ್ದು ಯಾಕೆ ಬೇಕು?

ಓದಬಾರದು ಎಂದುಕೊಂಡಳು. ಕಣ್ಣು ಕೇಳಲಿಲ್ಲ.

“ಹುಬ್ಬಿನ ನಡುವೆ ಒಂಚೂರೂ ನಿಂತಿಲ್ಲ. ಯಾಕೆ?” ದೊಡ್ಡ ಡಾಕ್ಟರಮ್ಮ ಫೋಟೋ ನೋಡುತ್ತಾ ಕೇಳಿದರು.

“ನಾನು ಅಲ್ಲಿಗೆ ಹಾಕಲೇ ಇಲ್ಲ ಮೇಡಂ.”

“ಹಾಕಲೇ ಇಲ್ವಾ? ಅವರಿಗೆ ಗೊತ್ತಾ?”

“ಇಲ್ಲ. ಇನ್ನು ಅವರ ಕೇಸು ನನಗೆ ಬೇಡ. ದಯವಿಟ್ಟು ನೀವೇ ನೋಡ್ಕೊಳ್ಳಿ…”

ಅಷ್ಟು ಹೇಳಿ ಡಾಕ್ಟರು ಕಿಟಕಿಯ ಕಡೆ ತಿರುಗಿಬಿಟ್ಟರು. ಇನ್ನು ಕಂಡದ್ದು ಬೆನ್ನು ಮಾತ್ರ. ಭುಜ ಅಲ್ಲಾಡುತ್ತಿತ್ತು, ಏನೋ ಹೇಳುತ್ತಲೇ ಇದ್ದರು. ಬೆನ್ನನ್ನು ಓದುವ ವಿದ್ಯೆ ಅವಳಿಗೆ ಯಾರೂ ಕಲಿಸಿರಲಿಲ್ಲ.

ಟೀಚರಮ್ಮ ಬೆಂಚಿನಿಂದ ಎದ್ದಳು.

‘ಹಾಕಲೇ ಇಲ್ಲ…! ಮೂರು ತಿಂಗಳು… ಆ ಬೆಣ್ಣೆ, ಆ ಮೊಟ್ಟೆ, ಆ ಪ್ರಾರ್ಥನೆ… ಈಗ ಕೇಸೂ ಬೇಡವಂತೆ! ಇಷ್ಟು ದಿನ ನಕ್ಕಿದ್ದು, ಸನ್ನೆ ಕಲಿತದ್ದು ಎಲ್ಲ ನನ್ನ ಬಾಯಿ ಮುಚ್ಚಿಸೋಕಾ?’

ಬಾಗಿಲು ತಟ್ಟದೆ ಒಳಗೆ ಹೋದಳು.

“ನನ್ನ ಮೈ ಹೀರಿಕೊಳ್ತು ಅಂದ್ರಲ್ಲ ಡಾಕ್ಟರೇ… ಹಾಕದೇ ಇರೋದನ್ನ ಹೇಗೆ ಹೀರುತ್ತೆ? ಸ್ವಲ್ಪ ಹೇಳಿಕೊಡಿ, ನಾನೂ ಮಕ್ಕಳಿಗೆ ಪಾಠ ಮಾಡ್ತೀನಿ!”

ಡಾಕ್ಟರ ಮುಖ ಬಿಳಿಚಿತು. “ಟೀಚರ್, ಒಂದು ನಿಮಿಷ ಕೂತ್ಕೊಳ್ಳಿ…”

“ಮೂರು ತಿಂಗಳು ಕೂತಿದ್ದೀನಿ! ನನ್ನ ಮೈಯನ್ನ ನಾನೇ ಬೈದ್ಕೊಂಡಿದ್ದೀನಿ. ನೀವು ಎದುರಿಗೇ ಇದ್ರಿ… ನೋಡ್ತಾ ಇದ್ರಿ… ಒಂದೇ ಒಂದು ಸಲ ‘ಅದು ನಿಮ್ಮ ತಪ್ಪಲ್ಲ’ ಅನ್ನೋಕೂ ಬಾಯಿ ಬರಲಿಲ್ವಾ?”

“ನಾನು ಹೇಳ್ಬೇಕು ಅಂತಾನೇ…”

“ಬೇಡ. ಕೇಸು ಬೇಡ ಅಂದ್ರಲ್ಲ. ನನಗೂ ಬೇಡ!”

ಹೊರಗೆ ಬಂದಾಗ ಮೆಟ್ಟಿಲು ಕಾಣಲಿಲ್ಲ, ಕಣ್ಣು ತುಂಬಿತ್ತು. ಛೆ! ಗೆರೆ ತುಂಬದ್ದಕ್ಕೆ ಇಷ್ಟು ಅಳು ಯಾರಿಗಾದರೂ ಬರುತ್ತದೆಯೇ? ಬರುವುದಿಲ್ಲ. ಅಳು ಯಾತಕ್ಕೆಂದು ಅವಳಿಗೆ ಗೊತ್ತಿತ್ತು. ಅದು ಇನ್ನೂ ಸಿಟ್ಟು ಬರಿಸಿತು.

*

ಫೋನು ಒಂಬತ್ತು ದಿನ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ.

“ಒಂದೋ ಮಾತಾಡು, ಇಲ್ಲ ಆಫ್ ಮಾಡು,” ಎಂದರು ಅತ್ತಿಗೆ. “ಹೊಡ್ಕೊಳ್ಳೋಕೆ ಬಿಟ್ಟು ಅದನ್ನೇ ನೋಡ್ತಾ ಕೂರ್ತೀಯಲ್ಲ, ಇದು ಯಾವ ಸೀಮೆ ಕೋಪ?”

“ನಾನೇನೂ ನೋಡ್ತಿಲ್ಲ.”

“ಹೌದಮ್ಮ. ಫೋನೇ ನಿನ್ನನ್ನ ನೋಡ್ತಿದೆ.”

ಹತ್ತನೆಯ ದಿನ ಚಿತ್ರ ಬಿಡಿಸುವ ತರಗತಿ. ಹದಿಮೂರು ಮಕ್ಕಳು ಅವಳ ಸುತ್ತ. ಗುಬ್ಬಿ ಯಥಾಪ್ರಕಾರ ಕೊನೆಯ ಕಿಟಕಿಯ ಪಕ್ಕ. ಟೀಚರಮ್ಮನಿಗೆ ಅಂದು ಮಣಿ ತೋರಿಸುವ ಶಕ್ತಿಯೂ ಇರಲಿಲ್ಲ. ಹೋಗಿ ನೆಲದ ಮೇಲೆ ಕೂತು, ಸೋತವಳಂತೆ ಕೇಳಿದಳು:

‘ನನ್ನ ಹತ್ರ ಯಾಕೆ ಬರಲ್ಲ? ನನ್ನ ಮುಖ ನೋಡಿದ್ರೆ ಭಯಾನಾ?’

ಗುಬ್ಬಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಭಯ? ತಲೆ ಅಲ್ಲಾಡಿಸಿದಳು. ಆಮೇಲೆ ಕಿಟಕಿಯ ಆಚೆ ಬೊಟ್ಟು ಮಾಡಿ, ಪುಟ್ಟ ಕೈಗಳಲ್ಲಿ ನಿಧಾನವಾಗಿ ಹೇಳಿದಳು. ‘ಗೇಟು. ಅಮ್ಮ ಬರ್ತಾಳೆ. ಇಲ್ಲಿಂದ ಕಾಣುತ್ತೆ. ನಿನ್ನ ಹತ್ರ ಕೂತ್ರೆ ಕಾಣಲ್ಲ.’

ಅಷ್ಟೇ!

ಮಗು ಮೊದಲ ದಿನ ಒಂದು ಪ್ರಶ್ನೆ ಕೇಳಿ ಮರೆತಿತ್ತು. ಟೀಚರಮ್ಮ ಅದನ್ನು ಐದು ತಿಂಗಳು ಹಣೆಯ ಮೇಲೆ ಹೊತ್ತು ತಿರುಗಿದ್ದಳು. ಬೇರೆ ದಾರಿಯೆಲ್ಲ ಹುಡುಕಿದಳು; ಮಗುವನ್ನು ಕೇಳುವುದೊಂದನ್ನು ಬಿಟ್ಟು.

ಗುಬ್ಬಿ ಹುಬ್ಬು ಗಂಟಿಕ್ಕಿದಳು, ಥೇಟ್ ಟೀಚರಮ್ಮನ ಹಾಗೆ. ‘ಯಾಕೆ ಅಳ್ತಿದ್ದೀಯ?’

ಟೀಚರಮ್ಮ ಅವಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ಗೇಟು ಕಾಣುವ ಹಾಗೆ.

*

ಶಾಲೆ ಬಿಟ್ಟ ಮೇಲೆ ಆಯಾ ಬಂದು ಬಾಗಿಲಲ್ಲಿ ನಿಂತಳು. “ಯಾರೋ ಡಾಕ್ಟರಂತೆ ಟೀಚರ್. ಎರಡು ಗಂಟೆಯಿಂದ ಹೊರಗೆ ಕೂತಿದ್ದಾರೆ. ಮಕ್ಕಳು ಹೋಗೋವರೆಗೂ ಹೇಳ್ಬೇಡ ಅಂದ್ರು.”

ಅವರು ಒಳಗೆ ಬಂದರು. ಇದ್ದದ್ದೆಲ್ಲ ಮೊಣಕಾಲೆತ್ತರದ ಕುರ್ಚಿಗಳೇ. ಒಂದರ ಮೇಲೆ ಕಷ್ಟಪಟ್ಟು ಕೂತರು; ಮಂಡಿ ಎದೆಗೆ ಬಂತು. ನಗಬಾರದು ಎಂದು ಟೀಚರಮ್ಮ ಹಲ್ಲು ಕಚ್ಚಿದಳು.

“ಹೇಳಿ. ಆದ್ರೆ ಪೂರ್ತಿ ಹೇಳಿ. ಬೆನ್ನು ತಿರುಗಿಸಬೇಡಿ.”

ಡಾಕ್ಟರು ಉಸಿರೆಳೆದುಕೊಂಡರು. “ಹುಬ್ಬಿನ ನಡುವೆ ಕೂದಲೆಳೆಯಂಥ ರಕ್ತನಾಳ ಇರ್ತವೆ. ಅವು ಕಣ್ಣಿನ ನಾಳದ ಜೊತೆ ಸೇರಿಕೊಂಡಿರ್ತವೆ. ಸಾವಿರಾರು ಜನಕ್ಕೆ ಏನೂ ಆಗಲ್ಲ. ಎಲ್ಲೋ ಒಬ್ಬರಿಗೆ ಕೊಬ್ಬಿನ ಒಂದು ಕಣ ನಾಳದೊಳಗೆ ಹೋದ್ರೆ… ಆ ಕಣ್ಣು ಹೋಗುತ್ತೆ. ನೀವು ಸಹಿ ಮಾಡಿದ ಕಾಗದದಲ್ಲಿ ಅದು ಇತ್ತು. ‘ಇದೆಲ್ಲ ಎಲ್ಲರಿಗೂ ಬರೆಯೋದೇ’ ಅಂತ ನಾನೇ ಹಗುರವಾಗಿ ತಿರುವಿಹಾಕಿದ್ದೆ. ಅದು ನನ್ನ ಮೊದಲನೇ ತಪ್ಪು.”

“ಎರಡನೇದು?”

“ಕೆನ್ನೆ ಮುಗಿಸಿ ಹಣೆಗೆ ಬಂದೆ. ಆಗ ನಿಮ್ಮ ಕೈ ಅಲ್ಲಾಡ್ತು. ನೋವೇನೋ ಅಂದ್ಕೊಂಡೆ. ನೋವಲ್ಲ… ಮಂಪರಿನಲ್ಲೂ ನೀವು ಯಾವುದೋ ಮಗುವಿನ ಜೊತೆ ಮಾತಾಡ್ತಿದ್ರಿ. ಬೆರಳು ಒಂದೊಂದೇ ಎತ್ತಿ ಇಳಿಸ್ತಾ… ಎಷ್ಟು ಪ್ರೀತಿಯಿಂದ! ಆ ಕಣ್ಣಿಗೆ ಏನಾದ್ರೂ ಆದ್ರೆ ಅನ್ನಿಸ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೈ ಹಿಂದೆ ಬಂತು. ಸೂಜಿ ಕೆಳಗಿಟ್ಟುಬಿಟ್ಟೆ.”

“ಇಟ್ಟಿದ್ದು ತಪ್ಪಲ್ಲ. ಹೇಳದೇ ಇದ್ದದ್ದು ತಪ್ಪು!” ಅವಳ ದನಿ ಏರಿತು. “ನನಗೆ ಇದನ್ನ ಹೀಗೇ ಕೂರಿಸಿ ಹೇಳಿದ್ದಿದ್ರೆ ನಾನೇ ಬೇಡ ಅಂತಿದ್ದೆ ಡಾಕ್ಟರೇ! ನನ್ನ ಕಣ್ಣು ಈ ಮಕ್ಕಳ ಕಿವಿ. ಗೆರೆಗೋಸ್ಕರ ಅದನ್ನ ಪಣಕ್ಕಿಡ್ತೀನಾ? ನನ್ನ ಪರವಾಗಿ ನೀವು ಯೋಚಿಸಿ, ನೀವೇ ಹೆದರಿ, ನೀವೇ ತೀರ್ಮಾನ ಮಾಡಿ, ಕೊನೆಗೆ ತಪ್ಪನ್ನ ನನ್ನ ಮೈ ಮೇಲೆ ಹಾಕಿದ್ರಿ!”

“ಹೌದು.”

ಆ ಒಂದು ‘ಹೌದು’ ಅವಳ ಸಿಟ್ಟಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡಿತು.

“ಕೇಸು ಬೇಡ ಅಂದಿದ್ದು ಯಾಕೆ?” ಎಂದಳು ಸಣ್ಣ ದನಿಯಲ್ಲಿ.

ಡಾಕ್ಟರು ತಲೆ ತಗ್ಗಿಸಿದರು. ನೆನಪಾಗಿ ಮತ್ತೆ ಎತ್ತಿದರು, ಅವಳಿಗೆ ಮುಖ ಕಾಣುವ ಹಾಗೆ. “ಪೇಶೆಂಟನ್ನ ಪ್ರೀತಿಸೋ ಡಾಕ್ಟರು ಆ ಪೇಶೆಂಟಿಗೆ ಸೂಜಿ ಹಿಡೀಬಾರದು. ಮೇಡಂಗೆ ಅದನ್ನೇ ಹೇಳ್ತಿದ್ದೆ. ನಾಚಿಕೆಯಾಗಿ ಕಿಟಕಿ ಕಡೆ ತಿರುಗ್ದೆ.”

ಟೀಚರಮ್ಮ ನೆಲದ ಮೇಲಿದ್ದ ಬಣ್ಣದ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದಳು.

“ಇವತ್ತು ಬೆಳಿಗ್ಗೆ ಬಂದಿದ್ರೆ ನಿಮ್ಮನ್ನ ಗೇಟಿಂದಲೇ ಕಳಿಸ್ತಿದ್ದೆ,” ಎಂದಳು ಕೊನೆಗೆ. “ಮಧ್ಯಾಹ್ನ ಒಂದು ಮಗು ನನಗೆ ಬುದ್ಧಿ ಹೇಳ್ತು. ನಾನೂ ಕೇಳದೇನೇ ತೀರ್ಮಾನ ಮಾಡೋಳೇ ಅಂತ ಗೊತ್ತಾಯ್ತು.”

“ಹಾಗಾದ್ರೆ… ಕ್ಷಮಿಸಿದ್ರಾ?”

“ಇನ್ನೂ ಇಲ್ಲ. ಈಗ ನಾನು ಹೇಳ್ತೀನಿ, ನೀವು ಕೇಳಿ. ಅಪಾಯಗಳನ್ನ ಒಂದೊಂದಾಗಿ, ಏನೂ ತಿರುವಿಹಾಕದೆ.” ಅವಳು ಇನ್ನೊಂದು ಪುಟ್ಟ ಕುರ್ಚಿ ಎಳೆದು ಎದುರಿಗೆ ಕೂತಳು. “ನನಗೆ ನಲವತ್ತೊಂದು.”

“ಗೊತ್ತು. ಫೈಲಲ್ಲಿದೆ.”

“ಫೈಲಲ್ಲಿ ಇಲ್ಲದ್ದು ಕೇಳಿ. ಸಿಟ್ಟು ಬಂದ್ರೆ ಒಂಬತ್ತು ದಿನ ಫೋನ್ ಎತ್ತಲ್ಲ.”

“ಅನುಭವಿಸಿದ್ದೀನಿ.”

“ನಮ್ಮ ಅತ್ತಿಗೆ ಯಾರ ಮನೆಗೆ ಹೋದ್ರೂ ಅಡುಗೆಮನೆ ಡಬ್ಬಗಳನ್ನೆಲ್ಲ ಇಳಿಸಿ, ತಮಗೆ ಸರಿಕಂಡ ಹಾಗೆ ಜೋಡಿಸ್ತಾರೆ. ತಡೆಯೋಕಾಗಲ್ಲ.”

“ಇದು… ಸ್ವಲ್ಪ ಗಂಭೀರವಾದ ಅಪಾಯ.”

“ಈ ಗೆರೆ ಹೋಗಲ್ಲ. ವರ್ಷ ಕಳೆದ ಹಾಗೆ ಇನ್ನೂ ಆಳವಾಗುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಸಿಟ್ಟಿನ ಮುಖಾನೇ ನೋಡ್ಬೇಕು.”

“ಅದು ಸಿಟ್ಟಲ್ಲ. ಯಾರನ್ನೋ ‘ಏನಾಯ್ತು’ ಅಂತ ಕೇಳೋ ಮುಖ.”

ಟೀಚರಮ್ಮ ತನ್ನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ಎಲ್ಲಾ ಅರ್ಥ ಆಯ್ತಾ?”

“ಆಯ್ತು.”

“ಯಾರ ಬಲವಂತವೂ ಇಲ್ಲ ತಾನೇ?”

“ಇಲ್ಲ.”

“ಸರಿ, ಹಾಗಾದ್ರೆ ಕೇಳ್ತೀನಿ… ನನ್ನನ್ನ ಮದುವೆ ಆಗ್ತೀರಾ?”

ಡಾಕ್ಟರು ಥಟ್ಟನೆ ಎದ್ದರು. ಪುಟ್ಟ ಕುರ್ಚಿಯೂ ಅವರ ಜೊತೆಗೇ ಎದ್ದು ಬಂತು! ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅವರ ಕಣ್ಣು ಒದ್ದೆಯಾಗಿತ್ತು.

“ಆಗ್ತೀನಿ… ಆದ್ರೆ ಟೀಚರ್, ಇದನ್ನ ನಾನು ಕೇಳ್ಬೇಕಾಗಿತ್ತು.”

“ಕೇಳಲಿಲ್ಲವಲ್ಲ! ಕೇಳದೇ ಇರೋದೇ ನಿಮ್ಮ ಕಾಯಿಲೆ.”

“ಇದಕ್ಕೆ ಔಷಧಿ ಇದೆಯಾ?”

“ಇದೆ. ದಿನಾ ತಗೋಬೇಕು,” ಎಂದು ಟೀಚರಮ್ಮ ಅವರ ಕೈ ಹಿಡಿದಳು. “ಜೀವನಪೂರ್ತಿ.”